ಹಸಿವು ಎಂಬ ಚಿತ್ರಕ್ಕೆ ಕೂತವಳು

ಕಲಾ ಮತ್ತು ವಿಜ್ಞಾನ ಕಾಲೇಜಿನ ಗೇಟಿಗೆ ಬ್ಯಾನರ್ ಏರದ ವಾರವಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಹೊರದೇಶದ ಸಮ್ಮೇಳನಕ್ಕೆ ಹೋಗಿಬಂದರೆ ಒಂದು ಬ್ಯಾನರ್, ಹೋಗಲಾಗದಿದ್ದರೆ ಆಹ್ವಾನ ಬಂದಿತ್ತೆಂದು ಇನ್ನೊಂದು. ಪ್ರಿನ್ಸಿಪಾಲರು ಎರಡು ಸಲ ಸೀನಿದರೆ 'ಕಾಲೇಜು ವಾರ್ತೆ'ಯವರು ಅದನ್ನು ವಿಚಾರ ಸಂಕಿರಣವೆಂದು ಅಚ್ಚು ಹಾಕಿಬಿಡುತ್ತಾರೆ. ಇಷ್ಟೊಂದು ಸಾಧನೆಗಳ ಭಾರ ಹೊತ್ತು ಆ ಗೇಟಿನ ಕಂಬಗಳು ಒಂದು ಗೇಣು ನೆಲಕ್ಕಿಳಿದಿವೆ; ನಂಬದವರು ಹೋಗಿ ಅಳೆದು ನೋಡಬಹುದು.

ಆ ಸೋಮವಾರ ಏರಿದ ಬ್ಯಾನರಿನಲ್ಲಿ ಒಬ್ಬ ಮುದುಕಿಯ ಮುಖವಿತ್ತು. ಗುಳಿಬಿದ್ದ ಕೆನ್ನೆ, ಬಿಗಿದ ತುಟಿ, ಎದುರಿಗಿದ್ದವರನ್ನು ಸುಡುವಂಥ ಕಣ್ಣು. ಕೆಳಗೆ ದಪ್ಪಕ್ಷರದಲ್ಲಿ, 'ನಮ್ಮ ಚಿತ್ರಕಲಾ ವಿಭಾಗದ ವಿದ್ಯಾರ್ಥಿನಿಗೆ ರಾಷ್ಟ್ರಮಟ್ಟದ ಚಿನ್ನದ ಪದಕ. ಚಿತ್ರದ ಹೆಸರು: ಹಸಿವು.' ಆ ಮುಖದ ಒಡತಿ ಬ್ಯಾನರಿನ ಕೆಳಗೇ ನಿಂತಿದ್ದಳು. ಕೈಯಲ್ಲಿ ನಾಲ್ಕು ಅಂತಸ್ತಿನ ಊಟದ ಕ್ಯಾರಿಯರ್ ಇತ್ತು.

"ಹಸಿವಂತೆ," ಎಂದಳು ಗೇಟಿನ ವಾಚ್‌ಮನ್‌ಗೆ. "ಯಾರಿಗಪ್ಪ?"

"ನಂಗೇನು ಗೊತ್ತಕ್ಕ. ಮುಖ ನಿಮ್ದು."

"ಮುಖ ನಂದೇ. ಹೊಟ್ಟೆ ಯಾರ್ದು ಅಂತ ಕೇಳ್ತಿದ್ದೀನಿ."

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಅಲುಗದಮ್ಮ ಎನ್ನುತ್ತಾರೆ. ಚಿತ್ರಕಲೆಯ ಮಕ್ಕಳು ನೋಡಿ ಬರೆಯಲೆಂದು ಕುರ್ಚಿಯ ಮೇಲೆ ಅಲುಗದೆ ಕೂರುವುದೇ ಅವಳ ಕೆಲಸ. ಕಾಲೇಜಿಗೆ ಬಂದದ್ದು ಕಸ ಗುಡಿಸಲು. ಒಂದು ದಿನ ಗುಡಿಸಿ ಸುಸ್ತಾಗಿ ಚಿತ್ರಕಲೆಯ ಕೋಣೆಯ ಸ್ಟೂಲಿನ ಮೇಲೆ ಕೂತಳು. ಅವತ್ತು ಕೂರಬೇಕಾಗಿದ್ದ ಮುದುಕ ಕೈಕೊಟ್ಟಿದ್ದ. ಒಳಗೆ ಬಂದ ಮೇಷ್ಟ್ರು, "ಅಲುಗಬೇಡಿ," ಎಂದರು. ಕಾಲ ಬಳಿ ಹಾವಿರಬೇಕೆಂದು ಇವಳು ಉಸಿರು ಬಿಗಿಹಿಡಿದು ಒಂದು ತಾಸು ಕೂತಳು. ಅಂಥ ಕೂರುವಿಕೆಯನ್ನು ಮೇಷ್ಟ್ರು ಕಲ್ಲಿನ ವಿಗ್ರಹದಲ್ಲೂ ಕಂಡಿರಲಿಲ್ಲವಂತೆ. ಮರುದಿನವೇ ಪೊರಕೆ ಬೇರೆಯವರ ಕೈಗೆ ಹೋಯಿತು.

ಅಲ್ಲಿಂದ ಇಲ್ಲಿಯವರೆಗೆ ಅವಳು ಕೂತ ಕೂರುವಿಕೆಯನ್ನು ವರ್ಣಿಸಲು ನನ್ನ ನಾಲಗೆ ಸಾಲದು. ಜೇಡವೊಂದು ಅವಳ ಕಿವಿಗೂ ಕುರ್ಚಿಯ ಬೆನ್ನಿಗೂ ನಡುವೆ ಬಲೆ ಹೆಣೆದು, ಮೊಟ್ಟೆಯಿಟ್ಟು, ಮರಿಗಳನ್ನು ಶಾಲೆಗೆ ಸೇರಿಸುವಷ್ಟು ಪುರಸೊತ್ತಿತ್ತು. ನಡುವೆ ಕಾಲು ಝಾಡಿಸಲು ಎದ್ದರೆ, ಪಾದ ಇದ್ದ ಜಾಗದ ಸುತ್ತ ಸೀಮೆಸುಣ್ಣದ ಗೆರೆ ಎಳೆದಿರುತ್ತಾರೆ. ತಿರುಗಿ ಬಂದವಳು ಆ ಗೆರೆಯೊಳಗೆ ಬೆರಳು ಬೆರಳನ್ನೂ ಹಾಗೇ ಇಡುತ್ತಾಳೆ. ಊರಿನ ಜನಸಂಖ್ಯೆಗಿಂತ ಕಾಗದದ ಮೇಲೆ ಮೂಡಿದ ಅವಳ ಮೂಗುಗಳ ಸಂಖ್ಯೆ ಹೆಚ್ಚು. ಬರೆದ ಮಕ್ಕಳಲ್ಲಿ ಒಬ್ಬರೂ ಇದುವರೆಗೆ ಅವಳನ್ನು ಉಪವಾಸ ಕೆಡವಿರಲಿಲ್ಲ.

ಸಂಕಟ ಏನೆಂದರೆ, ಅವಳ ಸೊಸೆ ನಡೆಸುವುದೇ ಮೆಸ್ಸು. ಕಾಲೇಜಿನ ಎದುರು ಓಣಿಯಲ್ಲಿ, ಆರು ಮೇಜು, ಒಂದು ದೊಡ್ಡ ಒಲೆ. ಮಗ ಲಾರಿ ಓಡಿಸುತ್ತಾನೆ, ಮನೆಗೆ ನೆಂಟನಂತೆ ಬಂದುಹೋಗುತ್ತಾನೆ. ಮನೆಯೆಂದರೆ ಈ ಅತ್ತೆ, ಆ ಸೊಸೆ. ಇಬ್ಬರೂ ಜಗಳಕ್ಕೆ ನಿಂತರೆ ಪಕ್ಕದ ಬೀದಿಯ ಹೆಂಚು ಹಾರುತ್ತದೆ. ಆದರೆ ಸೊಸೆಯ ಅಡುಗೆಯನ್ನು ಹೊರಗಿನವರು ಯಾರಾದರೂ ಆಡಿಕೊಂಡರೆ ಅತ್ತೆ ಅವರನ್ನು ಸುಮ್ಮನೆ ಬಿಟ್ಟದ್ದಿಲ್ಲ.

ಬ್ಯಾನರ್ ಏರಿದ ಮಧ್ಯಾಹ್ನ ಮಹಡಿಯ ಮೇಲಿನ ಟೈಲರ್ ಊಟಕ್ಕೆ ಬಂದು ಎಲ್ಲರಿಗೂ ಕೇಳುವಂತೆ, "ಏನ್ ತಾಯಿ, ಊರಿಗೆಲ್ಲ ಬಡಿಸ್ತೀಯ, ಅತ್ತೆಯನ್ನ ಮಾತ್ರ ಒಣಗಿಸಿ ಗೇಟಿಗೆ ನೇತು ಹಾಕಿದ್ದೀಯ?" ಎಂದ. ಆರು ಮೇಜೂ ನಕ್ಕವು. ಮರುದಿನ ಅದೇ ನಗೆಚಾಟಿಕೆ ನಾಲ್ಕು ಬಾಯಿಂದ ಬಂತು. ವಾರ ಕಳೆಯುವುದರೊಳಗೆ ಎರಡು ಮೇಜು ಖಾಲಿ ಹೊಡೆದವು. ಯಾವತ್ತೂ ಗ್ರಾಹಕರಿಗೆ ಎದುರು ಮಾತಾಡಿ ರೂಢಿಯಿದ್ದ ಸೊಸೆ ತಲೆ ತಗ್ಗಿಸಿ ಬಡಿಸತೊಡಗಿದಳು.

ಒಂದು ದಿನ ಪಾತ್ರೆ ತೊಳೆಯುತ್ತ ಕೇಳಿದಳು: "ಅತ್ತೆ, ನಾನು ಯಾವತ್ತಾದ್ರೂ ನಿಮಗೆ ಕಡಿಮೆ ಬಡಿಸಿದ್ದೀನಾ?"

"ಇಲ್ಲ ಕಣೇ."

"ಮತ್ಯಾಕೆ ಅಂಥ ಮುಖ ಮಾಡ್ಕೊಂಡು ಕೂತ್ರಿ?"

ಅಲುಗದಮ್ಮನಿಗೆ ಬ್ಯಾನರ್ ನೋಡಿದಾಗ ಬಂದದ್ದು ಬರೀ ಬಿಸಿ. ಈಗ ಬಂದದ್ದು ಬೆಂಕಿ. ಆ ತೊಳೆಯುತ್ತಿದ್ದ ನೀರು ಕುದಿಯಲಿಲ್ಲವೆಂಬುದಷ್ಟೇ ಆಶ್ಚರ್ಯ.

ನೆಟ್ಟಗೆ ಚಿತ್ರಕಲೆಯ ಗಡ್ಡದ ಮೇಷ್ಟ್ರ ಹತ್ತಿರ ಹೋದಳು. ಅವರ ಗಡ್ಡದಲ್ಲಿ ಕಳೆದುಹೋದ ಕುಂಚಗಳಿಂದ ಒಂದು ಅಂಗಡಿ ತೆರೆಯಬಹುದು. ಪದಕ ಪಡೆದ ಹುಡುಗಿಯೂ ಅಲ್ಲೇ ಕಿಟಕಿಯ ಬಳಿ ಬಣ್ಣದ ತಟ್ಟೆ ಒರೆಸುತ್ತಿದ್ದಳು.

"ಸರ್, ಆ ಹೆಸರು ತೆಗೀರಿ."

"ಅದು ನಿಮ್ಮ ಬಗ್ಗೆ ಅಲ್ಲಮ್ಮ. ಅದೊಂದು ಸಂಕೇತ. ನಿಮ್ಮ ಕಣ್ಣಲ್ಲಿ ಸಾವಿರ ವರ್ಷದ ಹಸಿವು ಕಾಣುತ್ತೆ."

"ಅವತ್ತು ನಾನು ಹೊಟ್ಟೆ ಬಿರಿಯ ಉಂಡು, ತೇಗಿ, ಬಂದು ಕೂತಿದ್ದೆ. ಕಾಗದ ಹಾರುತ್ತೆ ಅಂತ ನನ್ನ ತಲೆ ಮೇಲಿನ ಫ್ಯಾನ್ ಆರಿಸಿ, ನೀವು ಹೋಗಿ ಇನ್ನೊಂದು ಫ್ಯಾನ್ ಕೆಳಗೆ ಕೂತ್ರಲ್ಲ, ಆ ಸಿಟ್ಟು ಅದು. ನಿಮ್ಮ ಮೇಲಿನ ಸಿಟ್ಟು."

ಮೇಷ್ಟ್ರು ನಕ್ಕರು. "ಸಿಟ್ಟಿಗೆ ಯಾರಮ್ಮ ಪದಕ ಕೊಡ್ತಾರೆ?"

ಹುಡುಗಿ ತಟ್ಟೆಯಿಂದ ತಲೆ ಎತ್ತದೆ, "ನಾನು 'ಕೂತಿರುವ ಅಜ್ಜಿ' ಅಂತ ಬರೆದಿದ್ದೆ," ಎಂದಳು. "ಸರ್ ಬದಲಾಯಿಸಿದ್ರು."

"ಕೆನ್ನೆ?"

"ಅದನ್ನೂ ಸ್ವಲ್ಪ ಒಳಗೆ ತಗೋ ಅಂದ್ರು."

ಆ ಕೆನ್ನೆ ಸುಮ್ಮನೆ ಬಂದದ್ದಲ್ಲ. ಸೊಸೆ ಮನೆಗೆ ಬಂದ ದಿನದಿಂದ ಹೊತ್ತು ಹೊತ್ತಿಗೆ ಹಾಕಿ ಬೆಳೆಸಿದ ಕೆನ್ನೆ. ಅದನ್ನು ಎರಡು ಕುಂಚದ ಎಳೆತದಲ್ಲಿ ಇವರು ಕಿತ್ತುಕೊಂಡಿದ್ದರು.

ಅಲ್ಲಿಂದ ಹೋದದ್ದು ಪ್ರಿನ್ಸಿಪಾಲರ ಬಳಿ. ಅವರು ಹೆಚ್ಚು ನಯವಂತರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. "ವಾರ್ತೆ ಅಚ್ಚಾಗಿಹೋಗಿದೆ, ಅದನ್ನ ಏನೂ ಮಾಡಕ್ಕಾಗಲ್ಲ. ಆದ್ರೆ ಶನಿವಾರ ಸಮಾರಂಭ ಇದೆ. ಚಿತ್ರವನ್ನ ಕಾಲೇಜಿನ ಹಾಲ್‌ನಲ್ಲಿ ಶಾಶ್ವತವಾಗಿ ಹಾಕ್ತೀವಿ, ಕೆಳಗೆ ಹಿತ್ತಾಳೆ ಫಲಕ. ಅದರಲ್ಲಿ ಹೆಸರು ಬದಲಾಯಿಸಿರ್ತೀವಿ. ನೀವು ವೇದಿಕೆಗೆ ಬಂದು ಚಿತ್ರದ ಪಕ್ಕ ಕೂತ್ಕೊಳ್ಳಿ, ಸಾಕು."

ಅಲುಗದಮ್ಮ ನಂಬಿದಳು. ಮನೆಗೆ ಬಂದು, "ಶನಿವಾರ ಮೆಸ್ಸಿಗೆ ಬೀಗ ಹಾಕು, ಬಂದು ನೋಡು," ಎಂದು ಸೊಸೆಗೆ ಹೇಳಿದಳು. ಸೊಸೆ ಬೀಗ ಹಾಕಿ ಬಂದು ಮೂರನೇ ಸಾಲಿನಲ್ಲಿ ಕೂತಳು. ಹಿಂದೆಯೇ ಟೈಲರ್ ಕೂಡ ಬಂದ, ಅವನಿಗೆ ಅವತ್ತು ಬೇರೆಲ್ಲೂ ಊಟವಿರಲಿಲ್ಲ.

ಮುಖ್ಯ ಅತಿಥಿ ಬಂದರು. ಅವರ ಹಾರಗಳನ್ನು ಹೊರಲು ಬೇರೊಂದು ಕಾರು ಬಂದಿತ್ತು. ಪರದೆ ಎಳೆದರು. ಚಿತ್ರದ ಕೆಳಗೆ ಹಿತ್ತಾಳೆ ಥಳಥಳ ಹೊಳೆಯಿತು: ಹಸಿವು. ಅಲುಗದಮ್ಮ ಪ್ರಿನ್ಸಿಪಾಲರ ಕಡೆ ತಿರುಗಿದಳು. ಅವರಿಗೆ ಆ ಕ್ಷಣದಲ್ಲೇ ಛಾವಣಿಯ ಮೇಲೆ ಏನೋ ಅತಿ ಮುಖ್ಯವಾದದ್ದು ಕಾಣಿಸಿತು.

ಅತಿಥಿಗಳು ಹಸಿವಿನ ಬಗ್ಗೆ ಮಾತಾಡಿದರು. ಎಷ್ಟು ಹೊತ್ತೆಂದರೆ ಸಭೆಯಲ್ಲಿ ನಿಜಕ್ಕೂ ಹಸಿವು ಶುರುವಾಯಿತು. ಕೊನೆಗೆ ಕಣ್ಣೊರೆಸಿಕೊಂಡು, ಕ್ಯಾಮೆರಾದವನನ್ನು ಹತ್ತಿರ ಕರೆದು, ಒಂದು ಊಟದ ಪೊಟ್ಟಣ ಅವಳ ಕೈಗಿಟ್ಟರು. "ತಗೊಳ್ಳಿ ತಾಯಿ. ನಾಲ್ಕು ಮಾತು ಹೇಳಿ," ಎಂದು ಮೈಕನ್ನು ಬಾಯಿಗೆ ಹಿಡಿದರು.

ಅಲುಗದಮ್ಮ ಪೊಟ್ಟಣ ಬಿಚ್ಚಿದಳು. ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಅಗಿಯುವ ಸದ್ದು ಮೈಕಿನಲ್ಲಿ ಹಾಲಿನ ಕೊನೆಯ ಸಾಲಿಗೂ ಕೇಳಿಸಿತು.

"ಅರೆಬೆಂದಿದೆ," ಎಂದಳು. "ಉಪ್ಪು ಜಾಸ್ತಿ. ಇದನ್ನ ತಿನ್ನಲ್ಲ ನಾನು. ಅಲ್ಲಿ ಮೂರನೇ ಸಾಲಲ್ಲಿ ಕೂತಿದ್ದಾಳಲ್ಲ, ನನ್ನ ಸೊಸೆ. ಎದುರು ಓಣಿಯ ಮೆಸ್ಸು ಅವಳ್ದೇ. ಅವಳ ಕೈ ಅಡುಗೆ ಉಂಡವರಿಗೆ ಇದು ಗಂಟಲಲ್ಲಿ ಇಳಿಯಲ್ಲ. ನನ್ನನ್ನ ಹಸಿದವಳು ಅಂತ ಬರೆದು, ಅವಳ ಒಲೆಗೆ ಮಸಿ ಬಳಿದು, ಅದನ್ನ ನಿಮ್ಮ ಸಾಧನೆ ಅಂತೀರಿ. ನನ್ನ ಮುಖ ನೋಡಿ, ಆ ಮುಖ ನೋಡಿ. ಕೆನ್ನೆ ಬಿಟ್ರೆ ಎರಡೂ ಒಂದೇ ಅಲ್ವಾ? ಇದು ಹಸಿವಲ್ಲ ಸ್ವಾಮಿ. ನಿಮ್ಮನ್ನೆಲ್ಲ ನೋಡಿ ಬಂದ ಸಿಟ್ಟು."

ಪೊಟ್ಟಣವನ್ನು ಅತಿಥಿಗಳ ಕೈಗೇ ವಾಪಸ್ ಕೊಟ್ಟು ವೇದಿಕೆ ಇಳಿದಳು. ಸೊಸೆ ಎದ್ದು ನಿಂತು ದಾರಿ ಬಿಟ್ಟಳು. ಅವಳ ತಲೆ ಈಗ ನೆಟ್ಟಗಿತ್ತು.

ಮುಂದಿನ 'ಕಾಲೇಜು ವಾರ್ತೆ'ಯಲ್ಲಿ ಪೊಟ್ಟಣ ಹಿಡಿದ ಕೈಗಳ ಫೋಟೋ ಬಂತು: 'ಹಸಿದ ವೃದ್ಧೆಗೆ ವೇದಿಕೆಯಲ್ಲೇ ಊಟ, ಕಾಲೇಜಿನ ಮಾನವೀಯ ಸಾಧನೆ.' ಮೆಸ್ಸಿನಲ್ಲಿ ಅದನ್ನು ಟೈಲರ್ ಗಟ್ಟಿಯಾಗಿ ಓದಿದ. ಈ ಸಲ ಯಾರೂ ನಗಲಿಲ್ಲ. ಆರು ಮೇಜೂ ತುಂಬಿದ್ದವು, ಇಬ್ಬರು ನಿಂತೇ ಉಣ್ಣುತ್ತಿದ್ದರು.

ಅಲುಗದಮ್ಮ ಕುರ್ಚಿಗೆ ಮರಳಲಿಲ್ಲ. ಗಡ್ಡದ ಮೇಷ್ಟ್ರು ಒಬ್ಬ ಗುಮಾಸ್ತನನ್ನು ಕೂರಿಸಿ ನೋಡಿದರು. ಅವನ ತುರಿಕೆ ಎಂಥದ್ದೆಂದರೆ ಮಕ್ಕಳ ಕಾಗದದಲ್ಲೆಲ್ಲ ಅವನಿಗೆ ಎಂಟೆಂಟು ಕೈ ಮೂಡಿದವು. ಹೇಳಿ ಕಳಿಸಿದರು, ತಾವೇ ಬಂದರು. "ಫಲಕ ಇರೋವರೆಗೆ ನಾನು ಬರಲ್ಲ," ಎಂದುಬಿಟ್ಟಳು ಅವಳು.

ಒಂದು ಮಧ್ಯಾಹ್ನ ಪದಕದ ಹುಡುಗಿ ಮೆಸ್ಸಿಗೆ ಬಂದಳು. ಚೀಲದಿಂದ ಹಿತ್ತಾಳೆಯ ಫಲಕ ತೆಗೆದು ಮೇಜಿನ ಮೇಲಿಟ್ಟಳು. ಸ್ಕ್ರೂ ತಿರುಗಿಸಿ ಅವಳ ಬೆರಳುಗಳು ಕೆಂಪಗಾಗಿದ್ದವು.

"ನಾನೇ ಬಿಚ್ಚಿದೆ ಅಜ್ಜಿ. ಎಲ್ಲರ ಎದುರಿಗೇ."

ಅಲುಗದಮ್ಮ ಫಲಕದ ಕಡೆ ನೋಡಲಿಲ್ಲ. "ಕೆನ್ನೆ?"

"ಪದಕ ಬಂದ ಚಿತ್ರ ಅದು. ಮುಟ್ಟಿದ್ರೆ ಪದಕ ವಾಪಸ್ ಕೇಳ್ತಾರೆ."

"ಕೇಳ್ಲಿ. ನನ್ನ ಕೆನ್ನೆ ನಾನು ಕೇಳ್ತಿಲ್ವಾ?"

ಹುಡುಗಿ ಫಲಕವನ್ನು ಮೇಜಿನ ಅಂಚಿಗೆ ಸರಿಸಿದಳು. ಆಮೇಲೆ, "ಬಣ್ಣ ಕಲಸ್ಬೇಕು. ನೀವು ಬಂದು ಎದುರಿಗೆ ಕೂರ್ಬೇಕಾಗುತ್ತೆ," ಎಂದಳು.

ಸೌಟು ಹಿಡಿದ ಸೊಸೆ ಒಳಗಿನಿಂದ ಕೇಳಿದಳು, "ಅತ್ತೆ, ಇವಳಿಗೆ ಬಡಿಸ್ಲಾ, ಬೇಡ್ವಾ?"

"ಬಡಿಸು. ಹೊಟ್ಟೆ ತುಂಬ ಬಡಿಸು. ಉಂಡ ಮುಖ ಹೇಗಿರುತ್ತೆ ಅಂತ ತಿಳ್ಕೊಳ್ಲಿ. ಆಮೇಲೆ ಮೂವರೂ ಹೋಗೋಣ."