ಗಾಳಿ ಬರುವ ಮನೆ

ವಿಲಾಯತಿಯ ಇಲ್ಫರ್ಡಿನ ಆ ಮನೆಯನ್ನು ನಾವು ಕೊಂಡದ್ದು ತೊಂಬತ್ತರ ದಶಕದ ಒಂದು ಜೂನ್ ತಿಂಗಳಲ್ಲಿ. ಮಹಡಿಯ ಮಲಗುವ ಕೋಣೆಯಲ್ಲಿ ನಿಂತು ನನ್ನ ಗಂಡ, "ಎಷ್ಟ ಛಲೋ ಗಾಳಿ ಬರತೈತಿ ನೋಡು" ಎಂದಿದ್ದರು. ಧಾರವಾಡದ ಕಡೆಯವರು ಮನೆ ನೋಡುವುದೇ ಹಾಗೆ. ಗಾಳಿ ಬೆಳಕು ಇದ್ದರೆ ಮುಗಿಯಿತು, ಮಿಕ್ಕದ್ದೆಲ್ಲ ಆಮೇಲೆ. ಕಿಟಕಿ ಮುಚ್ಚಿದ್ದಾಗಲೂ ಆ ಗಾಳಿ ಬರುತ್ತಿತ್ತು ಎಂಬುದು ಓದಿದವರು ಎನ್ನಿಸಿಕೊಂಡ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮನೆ ತೋರಿಸಲು ಬಂದಿದ್ದ ಏಜೆಂಟ್ ನಮ್ಮ ಸಂಭ್ರಮ ನೋಡಿ ಸುಮ್ಮನೆ ನಕ್ಕ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನವೆಂಬರಿನ ಹೊತ್ತಿಗೆ ಆ ಛಲೋ ಗಾಳಿ ಎಂಥದೆಂದು ಗೊತ್ತಾಯಿತು. ಅಷ್ಟರಲ್ಲಿ ದಿನ ತುಂಬುವ ಮೊದಲೇ ನನ್ನ ಮಗಳು ಹುಟ್ಟಿದ್ದಳು. ಆಸ್ಪತ್ರೆಯವರು ಅವಳನ್ನು ಗಾಜಿನ ಪೆಟ್ಟಿಗೆಯಿಂದ ತೊಟ್ಟಿಲಿಗೆ ಬದಲಿಸಿದ್ದರು. ಇನ್ನು ಮನೆಗೆ ಕಳಿಸಬಹುದು, ಆದರೆ ಕೋಣೆ ಹಗಲೂ ರಾತ್ರಿ ಒಂದೇ ಹದದಲ್ಲಿ ಬೆಚ್ಚಗಿರಬೇಕು, ಶುಕ್ರವಾರ ನಾನೇ ಬಂದು ನೋಡುತ್ತೇನೆ ಎಂದು ನರ್ಸ್ ಒಂದು ಕಾರ್ಡು ಕೊಟ್ಟಳು. ಗೋಡೆಗೆ ತೂಗುಹಾಕಿದರೆ ಚಳಿಗೆ ನೀಲಿ, ಹದಕ್ಕೆ ಹಸಿರು, ಸೆಕೆಗೆ ಕೆಂಪು ತೋರಿಸುವ ಕಾರ್ಡು. ನಮ್ಮ ಕೋಣೆಯಲ್ಲಿ ಅದು ನೀಲಿ ಬಿಟ್ಟು ಅಲುಗಲಿಲ್ಲ. ಬಾಯ್ಲರ್ ದಿನವಿಡೀ ಗುರುಗುಡುತ್ತಿತ್ತು, ಅದರ ಬಿಸಿನೀರು ಹರಿಯುವ ಗೋಡೆಯ ರೇಡಿಯೇಟರ್ ಬರೀ ಉಗುರುಬೆಚ್ಚಗಿರುತ್ತಿತ್ತು, ಕಾರ್ಡು ಮಾತ್ರ ನೀಲಿ. ಹೆತ್ತ ಕೂಸನ್ನು ಮನೆಗೆ ತರಲಾಗದ ನಾನು ಅದರ ಎದುರು ನಿಂತು ಅಳುತ್ತಿದ್ದೆ.

ಬಾಣಂತನಕ್ಕೆಂದು ಅವ್ವ ಧಾರವಾಡದಿಂದ ಬಂದಿದ್ದಳು. ಡಬ್ಬಿ ತುಂಬ ಅಂಟಿನುಂಡಿ, ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಎರಡು ಕೌದಿ ತಂದಿದ್ದಳು. ದೊಡ್ಡದು ತಾನು ಹೊದೆಯಲು, ಸಣ್ಣದು ಮೊಮ್ಮಗಳಿಗೆ. ಆದರೆ ಬಾಣಂತಿ ಹಾಸಿಗೆಯಲ್ಲಿದ್ದರೆ ತಾನೇ ಬಾಣಂತನ? ನಾನು ಬೆಳಗ್ಗೆ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ ಕೂಸಿಗೆ ಹಾಲು ಕೊಟ್ಟು ಬರುತ್ತಿದ್ದೆ. ಬಂದವಳೇ ಹೊಟ್ಟೆಯ ಹೊಲಿಗೆ ಮರೆತು, ಗಾಳಿ ತಡೆಯಲು ಕಿಟಕಿಯ ಬಳಿ ಕುರ್ಚಿ ಹತ್ತುತ್ತಿದ್ದೆ. ಗಂಡ ಬೇರೆ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ವಾರಕ್ಕೊಮ್ಮೆ ಬಂದು, ನಿದ್ದೆ ಮಾಡಿ, ಮರಳಿ ಡ್ಯೂಟಿಗೆ ಓಡುತ್ತಿದ್ದರು.

ಕಿಟಕಿಯ ಸಂದಿಗಳಿಗೆ ಪೇಪರು ತುರುಕಿದೆ. ಅಂಗಡಿಯಿಂದ ತೆಳುವಾದ ಪ್ಲಾಸ್ಟಿಕ್ ಹಾಳೆ ತಂದು ಚೌಕಟ್ಟಿಗೆ ಅಂಟಿಸಿ, ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟು ಬಿಗಿ ಮಾಡಿದೆ. ಮರುದಿನ ಅದು ಒಂದು ಮೂಲೆಯಲ್ಲಿ ಕಿತ್ತುಕೊಂಡು ಪಟಪಟ ಬಡಿಯುತ್ತಿತ್ತು. ಮತ್ತೆ ಅಂಟಿಸಿದೆ. ಕೋಣೆಯಲ್ಲಿ ಯಾವ ಕಾಲದ್ದೋ ಒಂದು ಬೆಂಕಿಗೂಡಿತ್ತು, ಅದರ ಚಿಮಣಿಗೆ ದಿಂಬು ತುರುಕಿದೆವು. ಅವ್ವ ತನ್ನ ಪೆಟಿಕೋಟನ್ನು ಉದ್ದಕ್ಕೆ ಹೊಲಿದು, ಚಿಂದಿ ತುಂಬಿ, ಬಾಗಿಲ ಬುಡಕ್ಕಿಡಲು ಒಂದು ದಿಂಡು ಮಾಡಿದಳು. ತನ್ನ ದೊಡ್ಡ ಕೌದಿಯನ್ನೇ ಕಿಟಕಿಗೆ ಇಳಿಬಿಟ್ಟಳು.

"ಕೆಳಗ ಇಳಿ, ಕಿವಿ ಕಟ್ಟಿಕೋ. ಹಸಿ ಬಾಣಂತಿ ಹಿಂಗ ಕುರ್ಚಿ ಏರಿ ನಿಂತರ ನಾ ಯಾತಕ್ಕ ಬಂದೆ?" ಎಂದಳು.

"ನನ್ನ ಚಿಂತಿ ಬಿಡಬೇ! ಕೂಸಿನ ಚಿಂತಿ ಮಾಡು!" ಎಂದು ಚೀರಿದೆ.

ಅವ್ವ ಪಕ್ಕದ ತನ್ನ ಕೋಣೆಗೆ ಹೋದಳು.

ಗುರುವಾರ ಸಂಜೆಯೂ ಕಾರ್ಡು ನೀಲಿಯೇ. ಈ ಮನೆಗೆ ನನ್ನ ಕೂಸು ಬರುವುದೇ ಇಲ್ಲ ಅನ್ನಿಸಿಬಿಟ್ಟಿತು. ಶುಕ್ರವಾರ ಎದ್ದು ನೋಡಿದರೆ ಹಸಿರು! ಕಣ್ಣುಜ್ಜಿ ನೋಡಿದೆ, ಹಸಿರೇ. ನನ್ನ ಪ್ಲಾಸ್ಟಿಕ್ ಹಾಳೆ ಕೊನೆಗೂ ಕೆಲಸ ಮಾಡಿತು ಎಂದು ಬೀಗಿದೆ.

ನರ್ಸ್ ಬಂದಳು, ಕಾರ್ಡು ನೋಡಿದಳು, ಕಿಟಕಿಯ ಬಳಿ ಕೈಯಾಡಿಸಿದಳು. ನಾಳೆಯೇ ಕರೆದುಕೊಂಡು ಬನ್ನಿ ಎಂದಳು. ಹೊರಡುವಾಗ ಪಕ್ಕದ ಕೋಣೆಯಿಂದ ಅವ್ವನ ಕೆಮ್ಮು ಕೇಳಿಸಿತು. ನರ್ಸಿನ ಮುಖ ಬದಲಾಯಿತು. ಕೆಮ್ಮು ವಾಸಿಯಾಗುವವರೆಗೆ ಅವರು ಕೂಸಿನ ಕೋಣೆಗೆ ಕಾಲಿಡಕೂಡದು, ಕೂಸಿನ ಎದೆ ಇನ್ನೂ ಎಳೆಯದು ಎಂದು ಎರಡು ಸಲ ಹೇಳಿ ಹೋದಳು.

ಅವ್ವನ ಕೋಣೆಗೆ ಹೋದೆ. ನನ್ನ ಉಸಿರು ನನಗೇ ಹೊಗೆಯಾಗಿ ಕಂಡಿತು. ಅವ್ವ ಸೀರೆಯ ಮೇಲೆ ಅಳಿಯನ ಓವರ್‌ಕೋಟು ಹಾಕಿಕೊಂಡು, ಮಂಚದ ಮೇಲೆ ಮುದುಡಿ ಕೂತಿದ್ದಳು. ರೇಡಿಯೇಟರ್ ಮುಟ್ಟಿದೆ, ಕಲ್ಲಿನಂತಿತ್ತು. ಬಿಸಿನೀರು ಬಿಡುವ ಅದರ ತಿರುಗಣಿಯನ್ನು ಯಾರೋ ಪೂರ್ತಿ ಮುಚ್ಚಿದ್ದರು.

"ಯಾರಬೇ ಇದನ್ನ ಬಂದ್ ಮಾಡಿದ್ದು?"

"ನಾನ. ನಮ್ಮ ಓಣ್ಯಾಗ ಕೆಳಗಿನವರು ನಳ ಬಂದ್ ಮಾಡಿದರ ಮ್ಯಾಲಿನ ಮನಿಗೆ ನೀರು ಏರತಿದ್ದಿಲ್ಲೇನು? ಇದರಾಗ ಹರಿಯೋದೂ ನೀರ ಅಲ್ಲೇನವಾ? ನಿನ್ನಿ ಅಡಗಿಮನಿದೂ, ಪಡಸಾಲಿದೂ ಬಂದ್ ಮಾಡಿದೆ."

"ಈ ಖೋಲಿದು ಯಾವಾಗಿಂದ?"

"ನೀ ಚೀರಿದ ದಿವಸದಿಂದ."

ಸಿಟ್ಟು ಬಂತು, ಅದಕ್ಕಿಂತ ಜೋರಾಗಿ ಅಳು ಬಂತು. ತಲೆಗಿಲೆ ಕೆಟ್ಟೈತೇನು ನಿನಗ ಎಂದು ಕೂಗಾಡುತ್ತ ತಿರುಗಣಿಯನ್ನು ಪೂರ್ತಿ ತಿರುವಿದೆ. ಬಿಸಿ ಕಷಾಯ ಮಾಡಿ ಕುಡಿಸಿದೆ, ನನ್ನ ಹೊದಿಕೆಯನ್ನೇ ತಂದು ಹೊದಿಸಿದೆ. ಸಂಜೆ ಕೂಸಿನ ಕೋಣೆಗೆ ಹೋದರೆ ಕಾರ್ಡು ಮತ್ತೆ ನೀಲಿಗೆ ಜಾರಿತ್ತು. ನಾನು ಅದನ್ನು ಹಿಡಿದುಕೊಂಡು ಅವ್ವನ ಬಾಗಿಲಲ್ಲಿ ನಿಂತೆ. ಅವ್ವ ಕಾರ್ಡನ್ನು ನೋಡಿದಳು, ಎದ್ದಳು, ರೇಡಿಯೇಟರಿನ ಹತ್ತಿರ ಬಗ್ಗಿ ತಿರುಗಣಿ ಮುಚ್ಚಿದಳು. ನಾನು ತಡೆಯಲಿಲ್ಲ.

ಮರುದಿನ ಮಧ್ಯಾಹ್ನ ಮಗಳು ಮನೆಗೆ ಬಂದಳು. ಅವ್ವ ಸೆರಗಿನಿಂದ ಬಾಯಿ ಮೂಗು ಮುಚ್ಚಿಕೊಂಡು ಕೂಸಿನ ಕೋಣೆಯ ಹೊಸ್ತಿಲಾಚೆ ನಿಂತಿದ್ದಳು. ಕೈ ಚಾಚಿ ಸಣ್ಣ ಕೌದಿಯನ್ನು ಕೊಟ್ಟಳು. ನಾನು ಕೂಸಿನ ಮುಖ ಕಾಣುವಂತೆ ಎತ್ತಿ ಹಿಡಿದೆ. ಕೆಮ್ಮು ಉಕ್ಕಿ ಬಂದು ಅವ್ವ ಆಚೆ ತಿರುಗಿದಳು. ಕೆಮ್ಮಿ ಮುಗಿಸಿ, ಮತ್ತೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಬಾಗಲಾ ಹಾಕ್ಕೋ ನನ್ನವ್ವ," ಎಂದಳು. "ಕಾವು ಹೊರಗ ಹೋಗತೈತಿ."

ನಾನು ಬಾಗಿಲು ಹಾಕಿಕೊಂಡೆ. ಒಳಗಿನಿಂದ, ಅವಳ ಪೆಟಿಕೋಟಿನ ಆ ದಿಂಡನ್ನು ಕಾಲಿನಿಂದ ಬಾಗಿಲ ಬುಡಕ್ಕೆ ಒತ್ತಿ ಸರಿಸಿದೆ.