ಗೋಡೆಯ ಕಡೆ ಹಾಕಿದ ಮಣೆ

ಗಣಿಯ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಬಾಡಿಗೆಗೆ ಮನೆ ಹುಡುಕುವುದೆಂದರೆ ತಲೆ ಚಚ್ಚಿಕೊಳ್ಳುವ ಕೆಲಸ. ಸಂಡೂರಿನ ಗುಡ್ಡಗಳಿಂದ ಅದಿರು ಲಾರಿಗಳು ಹಗಲೂ ರಾತ್ರಿ ಇಳಿಯುತ್ತಿದ್ದವು. ಬಾಗಿಲು ನೆಟ್ಟಗೆ ಮುಚ್ಚದ ಮನೆಗೂ ಯಾವುದೋ ಕಂಪನಿಯ ಬೋರ್ಡು ಬಿದ್ದಿರುತ್ತಿತ್ತು. ಅಂಥದ್ದರಲ್ಲಿ ನಾನು ಜಾಗ ಕೇಳುತ್ತಿದ್ದದ್ದು ಬುದ್ಧಿಯ ಬೆಳವಣಿಗೆ ಕುಂಠಿತವಾದವರು ಬೆಳಿಗ್ಗೆ ಬಂದು, ಏನಾದರೂ ಕೆಲಸ ಕಲಿತು, ಉಂಡು, ಸಂಜೆ ಮನೆಗೆ ಹೋಗುವಂಥ ಒಂದು ಕೇಂದ್ರಕ್ಕೆ.

“ಅಂಥಾ ಹುಡುಗ್ರ ಸಾಲಿ ಏನ್ರಿ?” ಎಂದು ಮನೆಯ ಮಾಲೀಕರು ಕೇಳುತ್ತಿದ್ದರು.

“ಹುಡುಗರಲ್ರಿ, ದೊಡ್ಡವರು. ಮೂವತ್ತು, ನಲವತ್ತು ವರ್ಷದವರು” ಎಂದೆನೋ, ಬಾಗಿಲು ಅರ್ಧ ಮುಚ್ಚುತ್ತಿತ್ತು. ಒಬ್ಬರಂತೂ ಮುಖಕ್ಕೇ ಹೇಳಿದರು: “ಹುಚ್ಚರಿಗೆ ಕೊಟ್ರ ನಾಳೆ ಈ ಮನಿಗೆ ಯಾರು ಬರ್ತಾರ್ರಿ ಮೇಡಂ?” ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬೀದಿಯಲ್ಲೇ ನಿಂತು ಅವರಿಗೆ ಮನುಷ್ಯರೆಲ್ಲ ಒಂದೇ ಎಂಬ ಪಾಠ ಮಾಡಿದೆ. ಹೈಸ್ಕೂಲಿನಲ್ಲಿ ಪಾಠ ಹೇಳಿದ ಬಾಯಿ ಅದು, ಸುಮ್ಮನಿರುತ್ತದೆಯೇ? ಆಗೆಲ್ಲ ಆ ಭಾಷಣ ನನ್ನ ನಾಲಿಗೆಯ ಮೇಲೆ ಸದಾ ಸಿದ್ಧವಿರುತ್ತಿತ್ತು. ಕೊನೆಗೆ ಕಂಪ್ಲಿ ರಸ್ತೆಯ ಅಕ್ಕಿ ಗಿರಣಿಯವರೊಬ್ಬರು ತಮ್ಮ ಹಳೆಯ ಮನೆಯನ್ನು ಕೊಟ್ಟರು. ನನ್ನ ಮಾತು ಕೇಳಲಾರದೆ ಕೊಟ್ಟರೇನೋ ಎಂದು, ಆಮೇಲೆ ಕೇಂದ್ರಕ್ಕೆ ಕೆಲಸಕ್ಕೆ ಬಂದ ನಮ್ಮ ಟೀಚರು ತಮಾಷೆ ಮಾಡುತ್ತಿದ್ದಳು.

ಇಷ್ಟೆಲ್ಲ ಓಡಾಡಿದ್ದು ನನ್ನ ಅಣ್ಣನಿಗಾಗಿ. ಅವನಿಗೆ ಆಗ ನಲವತ್ತು ದಾಟಿತ್ತು. ಅಪ್ಪ ಕಾಲುವೆ ಆಫೀಸಿನಲ್ಲಿದ್ದುದರಿಂದ ನಾವು ಬೆಳೆದದ್ದು ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ. ಅಣ್ಣನಿಗೆ ಅಕ್ಷರ ಹತ್ತಲಿಲ್ಲ, ಮಾತೂ ಕೆಲವೇ. ಆದರೆ ಅಮ್ಮ ಸೋಲುವವಳಲ್ಲ. ನಮ್ಮದು ಮಡಿಯ ವೈಷ್ಣವರ ಮನೆ. ಊಟಕ್ಕೆ ಮೊದಲು ಕೈಕಾಲು ತೊಳೆಯುವುದು, ಗೋಡೆಗೆ ಮುಖ ಮಾಡಿ ಮಣೆಯ ಮೇಲೆ ಕೂಡುವುದು, ಎಲೆಯ ಸುತ್ತ ನೀರು ತಿರುವುವುದು, ಊಟ ಮುಗಿಯುವವರೆಗೆ ಯಾರಿಂದಲೂ ಮುಟ್ಟಿಸಿಕೊಳ್ಳದಿರುವುದು. ಮುಟ್ಟಿದರೆ ಅನ್ನ ಬಿಟ್ಟೆದ್ದು ತಲೆಯ ಮೇಲೆ ನೀರು ಸುರಿದುಕೊಂಡು ಬರಬೇಕು, ಮುಟ್ಟಿದವರು ಕೂತ ಜಾಗಕ್ಕೆ ನೀರು ಚಿಮುಕಿಸಬೇಕು. ಇದೆಲ್ಲವನ್ನೂ ಅಮ್ಮ ಅವನಿಗೆ ವರ್ಷಗಟ್ಟಲೆ ಕೂತು ಕಲಿಸಿದಳು.

ಒಮ್ಮೆ ಕಲಿತದ್ದನ್ನು ಅಣ್ಣ ಬಿಡುವವನಲ್ಲ. ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಯಾರದೋ ಪಕ್ಕದಲ್ಲಿ ಕೂತು ಒಗ್ಗರಣೆ ಮಿರ್ಚಿ ತಿಂದು, ಬಾಯಿ ಒರೆಸಿಕೊಂಡು, ಮನೆಗೆ ಬಂದು ಏನೂ ಆಗದವಳ ಹಾಗೆ ಇರುತ್ತಿದ್ದೆ. ಅಪ್ಪನೂ ಆಫೀಸಿನ ಕ್ಯಾಂಟೀನಿನಲ್ಲಿ ಅದನ್ನೇ ಮಾಡುತ್ತಿದ್ದರು. ಮನೆಯಲ್ಲಿ ಮಡಿಯನ್ನು ಮನಸಾರೆ ನಂಬಿ ನಡೆಸುತ್ತಿದ್ದವರು ಅಮ್ಮ ಮತ್ತು ಅಣ್ಣ ಇಬ್ಬರೇ. ಹಂಪಿಯಿಂದ ಬರುತ್ತಿದ್ದ ಸೋದರಮಾವ ಪ್ರತಿ ಸಲ ಹೇಳುತ್ತಿದ್ದರು: “ಬುದ್ಧಿ ಇಲ್ಲದಿದ್ರ ಏನಾತು? ಆಚಾರ ಹ್ಯಾಂಗದ ನೋಡ್ರಿ ಅವಗ!” ಆಗ ಅಮ್ಮನ ಮುಖ ಅರಳುತ್ತಿತ್ತು. ಅಣ್ಣನಿಗೆ ಹುಟ್ಟಿದಾಗಿನಿಂದ ಸಿಕ್ಕ ಹೊಗಳಿಕೆ ಅದೊಂದೇ.

ಅವನನ್ನು ಕೇಂದ್ರಕ್ಕೆ ಕಳಿಸಲು ಅಮ್ಮ ಒಪ್ಪಿದ್ದು ಒಂದು ಮಾತಿನ ಮೇಲೆ. “ಅವನ ಊಟ ಮನಿಯಿಂದನ ಬರಬೇಕು. ಅವನ ಮಣಿ ಬ್ಯಾರೆ ಇರಬೇಕು. ಆಗ್ತದೇನು?”

“ಹೂಂ ಅಮ್ಮ” ಎಂದೆ. ಅಷ್ಟಕ್ಕೇ ಮುಗಿಯಿತಲ್ಲ ಎಂದು ಖುಷಿಯೇ ಆಯಿತು.

ಹೀಗಾಗಿ ನಮ್ಮ ಹಾಲಿನಲ್ಲಿ ಎಲ್ಲರಿಗೂ ಚಾಪೆಯ ಮೇಲೆ ಒಂದೇ ಸಾಲು, ಸ್ಟೀಲಿನ ತಟ್ಟೆ, ಅನ್ನ, ಸಾರು. ಮೂಲೆಯಲ್ಲಿ ಗೋಡೆಯ ಕಡೆಗೆ ಒಂದು ಮಣೆ, ಬಾಳೆ ಎಲೆ, ಮನೆಯಿಂದ ಬಂದ ಕ್ಯಾರಿಯರು. ವಿಶೇಷ ತರಬೇತಿ ಪಡೆದು ಬಂದಿದ್ದ ನಮ್ಮ ಟೀಚರು ಮೊದಲ ವಾರವೇ ಹೇಳಿದಳು: “ಮೇಡಂ, ಮಣಿನ ದಿನಾ ಒಂಚೂರು ಒಂಚೂರು ಸಾಲಿನ ಕಡೆ ಸರಸೋಣು. ಅವರಿಗೆ ಗೊತ್ತಾಗಂಗಿಲ್ಲ.” ನಾನು, “ಅದು ಅವನ ರೂಢಿ, ಇರ್ಲಿ ಬಿಡು” ಎಂದೆ. ಬೀದಿಯಲ್ಲಿ ನಿಂತು ಮನುಷ್ಯರೆಲ್ಲ ಒಂದೇ ಎಂದು ಕೂಗಿದವಳು ನಾನೇ. ಆ ಮಣೆಯನ್ನು ದಿನಾ ಬೆಳಿಗ್ಗೆ ಒರೆಸಿ ಇಡುತ್ತಿದ್ದವಳೂ ನಾನೇ. ನನಗೆ ಎಲ್ಲೂ ಚುಚ್ಚಲಿಲ್ಲ.

ಕೇಂದ್ರ ನಡೆಸುವ ಪರವಾನಗಿಗೆ ಅರ್ಜಿ ಹಾಕಿ ಕಾಯುತ್ತಿದ್ದ ದಿನಗಳಲ್ಲಿ ಕುರೆಕುಪ್ಪದಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಳು. ಅದಿರನ್ನು ಜರಡಿ ಹಿಡಿಯುವ ಕೆಲಸದವಳು. ಮೊಣಕೈಯ ಗೆರೆಗಳಲ್ಲಿ ಕೂಡ ಕೆಂಪು ಧೂಳು ಕೂತಿತ್ತು. ಮಗನಿಗೆ ಇಪ್ಪತ್ತೈದರ ಆಚೀಚೆ, ಅಗಲವಾದ ಮೈಕಟ್ಟು. ಗೇಟಿನಲ್ಲೇ ನನ್ನ ಕೈ ಹಿಡಿದವನು ನಾನು ಎಲ್ಲ ಕೋಣೆ ತೋರಿಸಿ ಮುಗಿಸುವವರೆಗೂ ಬಿಡಲಿಲ್ಲ.

“ಕೈ ಹಿಡಿಯೋದೊಂದು ಚಟ ಐತ್ರಿ ಅಮ್ಮಾರ ಇವಂಗ” ಎಂದಳು ಅವಳು ಸಂಕೋಚದಿಂದ. “ಬಸ್ಸಿನ್ಯಾಗ ಗುರ್ತಿಲ್ಲದವರ ಕೈನೂ ಹಿಡೀತಾನ, ಬೈಸ್ಕೋತಾನ.”

“ನೀವು ಕೆಲ್ಸಕ್ಕ ಹೋದಾಗ ಯಾರು ನೋಡ್ಕೋತಾರ್ರಿ?”

“ಯಾರದಾರ್ರಿ? ಕಂಬಕ್ಕ ಕಾಲು ಕಟ್ಟಿ ಹೋಗ್ತೀನಿ. ಹೊರಗ ಬಿಟ್ರ ಲಾರಿ ನೋಡೀರಲ್ಲ. ಹಗ್ಗ ಆದ್ರ ಕಾಲು ಕೊರೀತೈತಿ ಅಂತ ಹಳೇ ಸೀರೀಲೆ ಕಟ್ತೀನ್ರಿ.”

ಮಗನನ್ನು ಇಲ್ಲಿ ಬಿಡಬೇಕೆಂದು ಅವಳು ಊರಿನ ಹತ್ತಿರದ ಕೆಲಸ ಬಿಟ್ಟು, ಹೊಸಪೇಟೆಯ ರೈಲ್ವೆ ಸ್ಟೇಷನ್ನಿನ ಪಕ್ಕ ಅದಿರು ಸುರಿಯುವ ಯಾರ್ಡಿನಲ್ಲಿ ಕೆಲಸ ಹಿಡಿದಳು. ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತಿದ್ದರು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಮ್ಮ ಕೇಂದ್ರ ಇಲ್ಲವೆಂದರೆ ಅವನಿಗೆ ಮತ್ತೆ ಆ ಕಂಬವೇ ಗತಿ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಬಂದ ಮೇಲೆ ಕೇಂದ್ರದ ಕಳೆಯೇ ಬದಲಾಯಿತು. ಬೆಳಿಗ್ಗೆ ಮನೆಯವರು ಬಿಟ್ಟುಹೋದರೆ ಅಳುತ್ತಾ ಕೂಡುತ್ತಿದ್ದ ಹೆಂಗಸೊಬ್ಬಳಿದ್ದಳು. ಇವನು ಹೋಗಿ ಕೈ ಹಿಡಿದು ಕೂತರೆ ಸುಮ್ಮನಾಗುತ್ತಿದ್ದಳು. ಟೀಚರು, “ನನ್ನ ಸಂಬಳ ಇವನಿಗೇ ಕೊಡಬೇಕ್ರಿ” ಎನ್ನುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ನನ್ನ ಅಣ್ಣ ಬೇಕು. ಬೆಳಿಗ್ಗೆ ಕಾಗದದ ಕವರು ಅಂಟಿಸುವ ಕೆಲಸ ಶುರುವಾಗುವವರೆಗೆ ಇಬ್ಬರೂ ಪಡಸಾಲೆಯ ಕಟ್ಟೆಯ ಮೇಲೆ ಕೈ ಕೈ ಹಿಡಿದುಕೊಂಡು ಲಾರಿ ನೋಡುತ್ತಿದ್ದರು. ಅಣ್ಣನೂ ಬೇಡ ಎನ್ನುತ್ತಿರಲಿಲ್ಲ. ಅವನಿಗಾಗಿ ಕಟ್ಟೆಯ ಮೇಲೆ ಜಾಗ ಬಿಟ್ಟು ಕೂಡುತ್ತಿದ್ದ. ಊಟದ ಹೊತ್ತಿಗೆ ಮಾತ್ರ ಟೀಚರು ಇವನನ್ನು ಸಾಲಿನ ಆ ತುದಿಗೆ ಕೂರಿಸಿ ಪಕ್ಕದಲ್ಲೇ ತಾನೂ ಕೂಡುತ್ತಿದ್ದಳು. ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಪಾಸಣೆಗೆ ಬಳ್ಳಾರಿಯಿಂದ ಅಧಿಕಾರಿ ಬಂದದ್ದು ಒಂದು ಶುಕ್ರವಾರ. ಅವರು ಮನೆಯವರನ್ನೂ ಮಾತಾಡಿಸುತ್ತಾರೆಂದು ಕೆಲವು ತಂದೆತಾಯಂದಿರನ್ನು ಬರಹೇಳಿದ್ದೆ. ಕುರೆಕುಪ್ಪದ ತಾಯಿ ಯಾರ್ಡಿಗೆ ರಜೆ ಹಾಕಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಅಧಿಕಾರಿ ಗಾಲಿಕುರ್ಚಿಗೆಂದು ಮಾಡಿಸಿದ ಇಳಿಜಾರನ್ನು ಅಳೆಸಿದರು, ಕಮೋಡು ನೋಡಿದರು, ಬೆಂಕಿ ಆರಿಸುವ ಸಿಲಿಂಡರನ್ನು ಎತ್ತಿ ನೋಡಿದರು. ಅಷ್ಟರಲ್ಲಿ ಊಟದ ಹೊತ್ತು ಮೀರಿತು. ಬಡಿಸಿದ ಮೇಲೆ ಅವರು ಬಾಗಿಲಲ್ಲಿ ನಿಂತು ಟೀಚರನ್ನು ಕರೆದು ಅವಳ ಓದಿನ ಬಗ್ಗೆ ಕೇಳತೊಡಗಿದರು.

ಸಾಲಿನ ತುದಿಯಲ್ಲಿ ಕೂತಿದ್ದವನು ಪಕ್ಕದಲ್ಲಿ ಟೀಚರು ಇಲ್ಲದ್ದನ್ನು ಕಂಡು ಎದ್ದ. ಸೀದಾ ಮೂಲೆಗೆ ಹೋಗಿ ಅಣ್ಣನ ಮಣೆಯ ಪಕ್ಕ ಕೂತು, ನಗುತ್ತಾ, ಅನ್ನದಲ್ಲಿದ್ದ ಅವನ ಕೈಯನ್ನು ಹಿಡಿದುಕೊಂಡ.

“ಮಡಿ! ಮಡಿ!” ಎಂದು ಅಣ್ಣ ಕಿರುಚಿದ. ಅವನಿಗೆ ಸ್ಪಷ್ಟವಾಗಿ ಬರುತ್ತಿದ್ದ ಮಾತುಗಳಲ್ಲಿ ಅದೂ ಒಂದು. ಕೈ ಕಿತ್ತುಕೊಂಡ, ಎಲೆಯನ್ನು ದೂಡಿದ, ಹಿತ್ತಲಿನ ನಲ್ಲಿಗೆ ಓಡಿ ಬಟ್ಟೆಯ ಮೇಲೇ ತಂಬಿಗೆ ತಂಬಿಗೆ ನೀರು ಸುರಿದುಕೊಂಡ. ತೊಟ್ಟಿಕ್ಕುತ್ತಾ ಒಳಗೆ ಬಂದವನು ಲೋಟದ ನೀರನ್ನು ಕೈಗೆ ಬಗ್ಗಿಸಿಕೊಂಡು, ಆ ಹುಡುಗ ಕೂತಿದ್ದ ಕಡೆಗೆ ಚಿಮುಕಿಸಿದ. ನೆಲದ ಮೇಲೆ, ದೂಡಿದ ಎಲೆಯ ಮೇಲೆ, ಇನ್ನೂ ಅಲ್ಲೇ ಕೂತಿದ್ದ ಅವನ ಭುಜದ ಮೇಲೆ. ಅವನು ಆಟವೆಂದು ತಿಳಿದು ಕಿಲಕಿಲ ನಕ್ಕ. ಬೇರೆ ಯಾರೂ ನಗಲಿಲ್ಲ. ಆ ನೀರು ಯಾತಕ್ಕೆ ಎನ್ನುವುದನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅವನ ತಾಯಿ ಗೋಡೆಯ ಬಳಿಯಿಂದ ಎದ್ದು ಬಂದಳು. ಮಗನನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಅವನ ಕೈಗೆ ಅಂಟಿದ್ದ ಅನ್ನವನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸುತ್ತಾ ನನ್ನ ಕಡೆ ತಿರುಗಿದಳು. “ತಪ್ಪಾತ್ರಿ ಅಮ್ಮಾರ. ಅವಂಗ ತಿಳಿಯಂಗಿಲ್ರಿ.”

“ಇರ್ಲಿ ಬಿಡ್ರಿ, ಪರವಾಗಿಲ್ಲ” ಎಂದೆ ನಾನು.

ಅವಳ ತಪ್ಪನ್ನು ನಾನು ಕ್ಷಮಿಸಿದೆ! ಮಾತು ಬಾಯಿಂದ ಹೊರಟ ಮೇಲೆ ನನ್ನ ಕಿವಿಗೆ ಬಿತ್ತು. ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾದವು. ಅವಳ ಕಾಲ ಹತ್ತಿರ ನೀರಿನ ಹನಿಗಳು ಬಿದ್ದಿದ್ದವು. ಅವುಗಳನ್ನು ತುಳಿಯದಂತೆ ಅವಳು ಸರಿದು ನಿಂತದ್ದನ್ನು ನೋಡಿದೆ. ಒರೆಸಬೇಕೆಂದು ಕೂಡ ನನಗೆ ಹೊಳೆಯಲಿಲ್ಲ.

ಅಧಿಕಾರಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಅಣ್ಣನನ್ನು ಮೇಲಿಂದ ಕೆಳಗೆ ನೋಡಿ ತಲೆದೂಗಿದರು. “ಛಲೋ ತರಬೇತಿ ಕೊಟ್ಟೀರಿ ಮೇಡಂ. ಇಂಥವರಿಗೂ ಇಷ್ಟು ಶಿಸ್ತು ಅಂದ್ರ ಸಣ್ಣ ಮಾತಲ್ಲ. ನಮ್ಮನ್ಯಾಗ ಬುದ್ಧಿ ಇದ್ದವರಿಗೇ ಇಲ್ಲ ನೋಡ್ರಿ” ಎಂದು ನಕ್ಕರು. ನಾನೂ ಹಲ್ಲು ಬಿಟ್ಟೆ. ಪರವಾನಗಿ ಮುಂದೆ ಯಾವ ತಕರಾರೂ ಇಲ್ಲದೆ ಬಂತು. ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೇವೆ, ಹಾಗೆ ಹಾಕಬೇಕೆಂದು ನಿಯಮವಿದೆ. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವುದೆಂದರೆ ನನಗೆ ಈಗಲೂ ಆಗುವುದಿಲ್ಲ.

ಆ ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ ಅಮ್ಮನ ಮೇಲೆ ಹರಿಹಾಯ್ದೆ. ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತದೆ, “ನಾ ಕೇಳಿದಾಗ ಹೂಂ ಅಂದಾಕಿ ನೀನ ಅಲ್ಲೇನು?” ಎಂದಳು. ಆಮೇಲೆ, “ಆಫೀಸರ್ರು ಮತ್ತೇನಂದ್ರು ಇವಗ?” ಎಂದು ಆಸೆಯಿಂದ ಕೇಳಿದಳು.

ಸೋಮವಾರ ನಾನು ಮಣೆಯನ್ನು ಅಟ್ಟಕ್ಕೆ ಹಾಕಿದೆ. ಅಣ್ಣ ಅವತ್ತು ಉಣ್ಣುವುದಿಲ್ಲವೆಂದು ಗೊತ್ತಿತ್ತು, ಮಣೆ ಇಲ್ಲದೆಯೇ ನಿಧಾನಕ್ಕೆ ಸಾಲಿಗೆ ರೂಢಿ ಮಾಡಿಸೋಣವೆಂದುಕೊಂಡೆ. ಕುರೆಕುಪ್ಪದವರು ಬರುತ್ತಾರೋ ಇಲ್ಲವೋ ಎಂದು ಗೇಟನ್ನೇ ನೋಡುತ್ತಿದ್ದೆ. ಬಂದರು. ನನಗೆ ಹೋದ ಜೀವ ಬಂದಂತಾಯಿತು. ಹತ್ತಿರ ಹೋಗಿ ನಾನೇ ಕೈ ಚಾಚಿದೆ. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ತಾಯಿಯ ಮುಖ ನೋಡಿದ.

ಅಣ್ಣ ಎಂದಿನಂತೆ ಕಟ್ಟೆಯ ಮೇಲೆ ಜಾಗ ಬಿಟ್ಟು ಕೂತಿದ್ದ. ಶುಕ್ರವಾರದ್ದು ಅವನ ಮನಸ್ಸಿನಲ್ಲಿ ಏನೂ ಉಳಿದಿರಲಿಲ್ಲ. ಇವನು ಹೋಗಿ ದೂರ ಸರಿದು ಕೂತ, ಕೈ ಕಂಕುಳಲ್ಲೇ. ಅಣ್ಣ ಕೈ ಚಾಚಿದ. ಯಾರೂ ಹಿಡಿಯದೆ ಆ ಕೈ ಕಟ್ಟೆಯ ಮೇಲೆ ಬಹಳ ಹೊತ್ತು ಹಾಗೇ ಇತ್ತು. ಒಳಗೆ ದಿನಾ ಬೆಳಿಗ್ಗೆ ಅಳುವ ಆ ಹೆಂಗಸು ಅಳುತ್ತಿದ್ದಳು, ಅವಳ ಹತ್ತಿರಕ್ಕೂ ಅವನು ಹೋಗಲಿಲ್ಲ.

ಸಂಜೆ ತಾಯಿ ಕರೆದೊಯ್ಯಲು ಬಂದಾಗ ಅವಳನ್ನು ಪಕ್ಕಕ್ಕೆ ಕರೆದೆ. “ಅವತ್ತು ತಪ್ಪು ನಿಮ್ಮ ಮಗಂದಲ್ರಿ. ನಮ್ಮದು. ನಾನು ನಿಮಗೆ ಹೇಳಬೇಕಾಗಿದ್ದು…” ಎಂದು ಶುರು ಮಾಡಿದೆ. ಪೂರ್ತಿ ಹೇಳಲು ಅವಳು ಬಿಡಲಿಲ್ಲ. ಅವಳ ಮುಖ ಇಳಿದುಹೋಗಿತ್ತು. ದೊಡ್ಡ ಮನೆಯವರು ಇಷ್ಟು ಮೆತ್ತಗೆ ಮಾತಾಡತೊಡಗಿದರೆ ಮುಂದೆ ಏನು ಬರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು.

“ಹೊರಗ ಹಾಕಬ್ಯಾಡ್ರಿ ಅಮ್ಮಾರ. ಇನ್ನ ಯಾರನ್ನೂ ಮುಟ್ಟಂಗಿಲ್ರಿ ಅವ. ಕಲಿಸೀನಿ.”

“ಹೆಂಗ ಕಲಿಸಿದ್ರಿ?”

“ಶನಿವಾರ, ಐತವಾರ ಮನ್ಯಾಗ ಕುಂತು ಕಲಿಸೀನ್ರಿ. ಕೈ ಚಾಚಿದಾಗೊಮ್ಮೆ ಕಸಬರಿಗಿ ಕಡ್ಡೀಲೆ ಕೈಮ್ಯಾಲೆ ಕೊಟ್ಟೀನಿ. ಭಾಳ ಅತ್ತ. ಈಗ ಕಲ್ತಾನ್ರಿ, ನೀವ ನೋಡಿದ್ರಲ್ಲ.” ಹೇಳುತ್ತಾ ಹೇಳುತ್ತಾ ಅವಳ ಮುಖ ತಿಳಿಯಾಯಿತು. ಅದರಲ್ಲಿ ಒಂದಿಷ್ಟು ಹೆಮ್ಮೆ ಕೂಡ ಇತ್ತು. “ಈಗ ಛಲೋ ಆಗ್ಯಾನಲ್ರಿ ಅಮ್ಮಾರ?”

ಇಲ್ಲ, ಮೊದಲಿದ್ದದ್ದೇ ಛಲೋ ಇತ್ತು ಎನ್ನಬೇಕಿತ್ತು. ಎಂದಿದ್ದರೆ ಅವಳು ಇನ್ನಷ್ಟು ಹೆದರಿ, ಇನ್ನಷ್ಟು ಹೊಡೆಯುತ್ತಿದ್ದಳೇನೋ. ಅವಳ ಕಣ್ಣುಗಳು ನನ್ನ ಬಾಯಿಯನ್ನೇ ನೋಡುತ್ತಿದ್ದವು.

“ಹೂಂ, ಛಲೋ ಆಗ್ಯಾನ್ರಿ” ಎಂದೆ.

ಅವಳು ನಿಟ್ಟುಸಿರು ಬಿಟ್ಟು, ಕೈ ಮುಗಿದು, ಮಗನನ್ನು ಕರೆದುಕೊಂಡು ಹೊರಟಳು. ಗೇಟಿನ ಮುಂದೆ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ದಾಟಿಸಲು ಅವಳು ಮಗನ ಕಡೆ ಕೈ ಚಾಚಿದಳು. ಅವನು ಹಿಡಿಯಲಿಲ್ಲ. ಮತ್ತೊಮ್ಮೆ ಚಾಚಿದಳು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವಳು ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಲಾರಿಗಳು ಹೋಗುವವರೆಗೆ ನಿಂತು, ರಸ್ತೆ ದಾಟಿಸಿಕೊಂಡು ಹೋದಳು.