ಕೋಳಿ ಮುಚ್ಚಿದ ಸಂಜೆ

ಕೋಳಿಗೂಡಿನ ಬಾಗಿಲಿಗೆ ನಾನು ತಂತಿ ಸುತ್ತಲಿಲ್ಲ. ಸುತ್ತಿದ್ದೇನೆ ಎಂದು ಅಕ್ಕ ನಂಬುವ ಹಾಗೆ ಮಾತಾಡಿದೆ. ಮರುದಿನ ಬೆಳಿಗ್ಗೆ ಅವಳು ತಪ್ಪನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡಾಗಲೂ ಬಾಯಿ ಬಿಡಲಿಲ್ಲ. ನಾನು ಹೆಚ್ಚು ಓದಿದವನಲ್ಲ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗೆ ಬೆಂಕಿ ಹಾಕುವವನು. ಬರೆಯಲು ಕೂತಾಗ ಬೇರೆ ಏನೇ ಬರೆಯುವ ಮೊದಲು ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮೂರು ಹನಗೋಡಿನಿಂದ ಕಾಡಿನ ಕಡೆಗಿದೆ. ಅಕ್ಕ ಗಂಡನ ಮನೆ ಬಿಟ್ಟು ಬಂದ ದಿನ ಕೈಯಲ್ಲಿ ಬಟ್ಟೆಯ ಚೀಲ, ಕಂಕುಳಲ್ಲಿ ಒಂದು ಕಪ್ಪು ಹೇಂಟೆ ಇತ್ತು. "ಅಲ್ಲಿ ನಂದು ಅನ್ನೋದು ಇದೊಂದೇ ಇದ್ದುದ್ದು ಕಣ್ಲಾ, ಎತ್ಕಂಡ್ ಬಂದೆ" ಅಂದಳು. ನಮ್ಮ ಹಿತ್ತಲಲ್ಲಿ ಓಡಾಡಿದ ಕೋಳಿಗಳೆಲ್ಲ ಆ ಹೇಂಟೆಯ ಸಂತಾನ. ಯಾರ ಮನೆಗೆ ನೆಂಟರು ಬಂದರೂ ಮೊಟ್ಟೆ ಕೇಳಿಕೊಂಡು ಅಕ್ಕನ ಹತ್ತಿರ ಬರುತ್ತಿದ್ದರು. ತಮ್ಮನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುತ್ತಿಲ್ಲ ಎಂದು ಅವಳು ತಲೆ ಎತ್ತಿ ಓಡಾಡುತ್ತಿದ್ದುದು ಆ ಕೋಳಿಗಳಿಂದ.

ಮೊದಲೆಲ್ಲ ಸಂಜೆ ಅವನ್ನು ಮನೆಯೊಳಗೇ ಬಿಟ್ಟು ಮೇಲೆ ಬಿದಿರಿನ ಮಂಕರಿ ಕವುಚುತ್ತಿದ್ದೆವು. ಅದಕ್ಕೆ ನಮ್ಮ ಕಡೆ ಕೋಳಿ ಮುಚ್ಚುವುದು ಎನ್ನುತ್ತಾರೆ. ಆದರೆ ಅಕ್ಕನಿಗೆ ಉಬ್ಬಸ. ಚಳಿಗೆ ಕಿಟಕಿ ಬಾಗಿಲು ಹಾಕಿದ ಮನೆಯಲ್ಲಿ ಪುಕ್ಕದ ಧೂಳು ಅವಳ ಎದೆ ಹಿಡಿಯುತ್ತಿತ್ತು. ಕೋಳಿಗಳನ್ನು ಹೊರಗಿಡಿ ಎಂದು ಹುಣಸೂರಿನ ಡಾಕ್ಟರು ಹೇಳಿದರು. ಹಾಗಾಗಿ ಹೋದ ವರ್ಷ ಚಳಿ ಶುರುವಾಗುವ ಮೊದಲು ಹಿತ್ತಲಲ್ಲಿ ಗೂಡು ಎಬ್ಬಿಸಿದೆವು.

ಕಟ್ಟಿದ್ದು ನಾನು, ಕಟ್ಟಿಸಿದ್ದು ಅವಳು. ಹೊಗೆಸೊಪ್ಪು ಕಟ್ಟುವ ಹಳೆಯ ಕಡ್ಡಿಗಳನ್ನು ಬ್ಯಾರನ್‌ನಿಂದ ಹೊತ್ತು ತಂದೆ. ನೆಲದ ತಂಡಿ ತಾಕದಂತೆ ಕಲ್ಲುಗಳ ಮೇಲೆ ಗೂಡು ಎತ್ತರಿಸಿ, ಹಿಕ್ಕೆ ಕೆಳಗೆ ಬೀಳಲೆಂದು ಕಡ್ಡಿಗಳನ್ನು ಸಂದಿ ಬಿಟ್ಟು ಹಾಸಿದೆ. ಹಗಲು ಓಡಾಡಲು ಮುಂದೆ ಜಾಲರಿಯ ಆವರಣ ಮಾಡಿದೆ. ಬೆಳಗಿನ ಬಿಸಿಲು ಬೀಳಲಿ ಎಂದು ಬಾಗಿಲನ್ನು ಮೂಡಲಿಗೆ ಇಡಲು ಹೊರಟೆ.

"ಲೋ, ಮೂಡಗಾಳಿ ನಿನ್ ಮಕಕ್ಕೆ ವಡುದ್ರೆ ನಿಂಗೆ ಇತವಾಯ್ತದಾ? ಪಡುವಕ್ಕೆ ತಿರುಗ್ಸು."

"ಕೋಳಿಗೂ ವಾಸ್ತು ನೋಡ್ತೀಯಲ್ಲಕ್ಕ!"

"ಬ್ಯಾರನ್ ಮುಂದ್ಗಡೆ ಬೆಚ್ಗೆ ಕುಂತ್ಕಳೋ ನಿಂಗೇನ್ಲಾ ಗೊತ್ತು ಚಳಿ? ತಿರುಗ್ಸು ಅಂದ್ರೆ ತಿರುಗ್ಸು."

ತಿರುಗಿಸಿದೆ. ಮೇಲೆ ಹೊದಿಸಿದ್ದ ತಗಡಿನ ಶೀಟಿನಿಂದ ಇಬ್ಬನಿ ತೊಟ್ಟಿಕ್ಕುತ್ತದೆ ಎಂದು ಅದರ ಕೆಳಗೆ ಹುಲ್ಲು ಕಟ್ಟಿಸಿದಳು. ಕೋಳಿಗಳು ಹೊರಳಾಡಲು ಮೂಲೆಯಲ್ಲಿ ಒಲೆಯ ಬೂದಿ ಸುರಿದಳು. ಸಂಜೆ ಇಳಿಬಿಟ್ಟು ಬೆಳಿಗ್ಗೆ ಎತ್ತಿ ಕಟ್ಟುವ ಹಾಗೆ ಜಾಲರಿಯ ಸುತ್ತ ಗೋಣಿಚೀಲ ಹೊಲಿದಳು. ಹಳೆಯ ಕಿಟಕಿಯ ಒಂದು ರೆಕ್ಕೆಯೇ ಬಾಗಿಲಾಯಿತು. ಅದಕ್ಕೆ ಚಿಲಕ ಇರಲಿಲ್ಲ. "ಅನಗೋಡಿಗೆ ಓದಾಗ ತತ್ತೀನಿ ಬುಡು" ಅಂದೆ. ಹೋಗುತ್ತಿದ್ದೆ, ಮರೆತು ಬರುತ್ತಿದ್ದೆ. ಅಲ್ಲಿಯತನಕ ಇರಲಿ ಎಂದು ಒಂದು ತುಂಡು ತಂತಿ ಸುತ್ತುತ್ತಿದ್ದೆವು.

ಆ ಸಂಜೆ ಅಕ್ಕ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಳು. ನನ್ನ ಹೆಂಡತಿ ತವರಿಗೆ ಹೋಗಿದ್ದಳು, ಕೋಳಿ ಮುಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಕಪ್ಪು ಹೇಂಟೆ ಕಾವಿಗೆ ಕೂತಿತ್ತು. ತಂತಿ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ನೀರಿಟ್ಟೆ. ಹೊರಗೆ ಬಂದು ಬಾಗಿಲು ತಳ್ಳಿ ಗೋಣಿಗಳನ್ನು ಇಳಿಬಿಟ್ಟೆ. ಅಷ್ಟರಲ್ಲಿ ಬೀದಿಯಲ್ಲಿ ಗೆಳೆಯನ ಬೈಕು ಬಂದು ನಿಂತಿತು. "ಬೋಂಡ ಆರೋಯ್ತದೆ, ಬತ್ತೀಯೇನ್ಲಾ ಇಲ್ವಾ?" ಎಂದು ಕೂಗಿದ. ನಾನು ನಡುಮನೆ ದಾಟಿ ಓಡುವಾಗ ಅಕ್ಕ ಕಂಬಳಿಯಿಂದ ಮುಖ ತೆಗೆದಳು.

"ಕೋಳಿ ಮುಚ್ಚಿದ್ಯೇನ್ಲಾ?"

"ಮುಚ್ಚಿದೀನಿ ಬುಡಕ್ಕ."

ಗೋಣಿಯನ್ನಂತೂ ಮುಚ್ಚಿದ್ದೆ. ಆದ್ದರಿಂದ ಸುಳ್ಳು ಹೇಳಿದೆ ಅನ್ನಿಸಲಿಲ್ಲ. ಬಂದು ತಂತಿ ಸುತ್ತಿದರಾಯಿತು ಅಂದುಕೊಂಡೆ. ಬಂದಾಗ ಚಳಿಗೆ ಕೈಬೆರಳು ಮರಗಟ್ಟಿದ್ದವು. ಹಿತ್ತಲ ಬಾಗಿಲಿನ ಅಗುಳಿಯ ಮೇಲೆ ಕೈಯಿಟ್ಟವನು ಹಾಗೇ ವಾಪಸು ಬಂದು ಮಲಗಿದೆ. ಕೋಳಿಗಳಿಗೆ ಚಳಿಯಾಗದಿರಲಿ ಎಂದು ಅಷ್ಟೆಲ್ಲ ಕಟ್ಟಿ, ನನಗೆ ಚಳಿಯಾಯಿತು ಎಂದು ಬಿಟ್ಟುಬಿಟ್ಟೆ.

ರಾತ್ರಿ ಕಾಡುಬೆಕ್ಕು ಬಂದು ಹೋಗಿತ್ತು. ತಿಂದದ್ದಕ್ಕಿಂತ ಕೊಂದು ಬಿಸಾಡಿದ್ದೇ ಹೆಚ್ಚು. ಬೂದಿಯ ಮೇಲೆಲ್ಲ ಪುಕ್ಕ. ಕಪ್ಪು ಹೇಂಟೆ ಮೊಟ್ಟೆ ಬಿಟ್ಟು ಎದ್ದಿರಲಿಲ್ಲ, ಕೂತಲ್ಲೇ ಸತ್ತಿತ್ತು. ನಾನು ಏಳುವ ಹೊತ್ತಿಗೆ ಅಕ್ಕ ಮಂಜಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒದ್ದೆ ನೆಲ ತಡವುತ್ತಿದ್ದಳು. ಅವಳ ಎದೆಯ ಗೊರಗೊರ ಹಿತ್ತಲ ಬಾಗಿಲಿಗೇ ಕೇಳುತ್ತಿತ್ತು.

"ಏನುಡುಕ್ತಿದ್ದೀಯಕ್ಕ?"

"ತಂತಿ ಕಣ್ಲಾ. ನೀನ್ ಓದ್ಮ್ಯಾಕೆ ಎದ್ದು ಬಂದಿದ್ದೆ, ಕಾವಿಗೆ ಕುಂತಿದ್ದುಕ್ಕೆ ಒಂದಿಡಿ ಉಲ್ಲು ಇಕ್ಕುವಾ ಅಂತ. ಬಾಗ್ಲು ತಗುದ್ನೋ, ಗೋಣಿ ಸಂದೀಲಿ ತೂರುಸ್ದ್ನೋ, ಜ್ವರದಲ್ಲಿ ಒಂದೂ ಗ್ಯಾನಕ್ಕೆ ಬರಾಕಿಲ್ಲ. ತಂತಿ ಬಿಚ್ಚಿ ಎಲ್ಲೋ ಬಿಸಾಕ್ಬುಟ್ಟಿವ್ನಿ. ನಾನೇ ಕಣ್ಲಾ, ನಾನೇ ಕೊಂದ್ಬುಟ್ಟೆ."

ತಂತಿ ನನ್ನ ಜೇಬಿನಲ್ಲೇ ಇತ್ತು. ಅದರ ಮೊನೆ ಎದೆಗೆ ಚುಚ್ಚುತ್ತಿತ್ತು. "ಓಗ್ಲಿ ಬುಡಕ್ಕ, ಏನ್ ಮಾಡಕಾಯ್ತದೆ" ಅಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ದನಿಯಲ್ಲಿ ಅಂದೆ. ಆ ದನಿ ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ. ಆಮೇಲೆ ಅದೇ ತಂತಿಯಿಂದ ಬಚ್ಚಲ ನಲ್ಲಿಗೆ ಪೈಪು ಕಟ್ಟಿದೆ. ದಿನವೂ ಅವಳು ಬಿಂದಿಗೆ ತುಂಬಿಸಿಕೊಳ್ಳುವುದು ಅಲ್ಲೇ.

ಅಂದಿನಿಂದ ಅಕ್ಕ ತನ್ನನ್ನು ತಾನು ನಂಬುವುದನ್ನು ಬಿಟ್ಟಳು. ಹಾಕಿದ ಅಗುಳಿಯನ್ನು ಮತ್ತೆ ಹೋಗಿ ಮುಟ್ಟಿ ನೋಡುವಳು. ಒಲೆ ಆರಿಸಿದ ಮೇಲೆ ಬೂದಿ ಕೆದಕಿ ನೋಡುವಳು. ಬೀಗದ ಕೈಯನ್ನು ನನ್ನ ಹೆಂಡತಿಗೆ ಕೊಟ್ಟುಬಿಟ್ಟಳು. ಪಕ್ಕದ ಮನೆಯವರು ಕೂಲಿಗೆ ಹೋಗುವಾಗ ಕೂಸನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಅದನ್ನೂ ಬೇಡವೆಂದಳು. ಖಾಲಿ ಗೂಡಿನಲ್ಲಿ ಸೌದೆ ತುಂಬಿದಳು. ನಾನು ನೋಡುತ್ತಲೇ ಇದ್ದೆ. ಹೇಳಬೇಕೆಂದು ಹತ್ತಿರ ಹೋದಾಗಲೆಲ್ಲ ಬೇರೇನೋ ಕೇಳಿ ಬರುತ್ತಿದ್ದೆ.

ಈ ಸಲ ಚಳಿ ಬಿದ್ದಾಗ ಕೇರಿಯ ಮುದುಕಿಯೊಬ್ಬರು ಸೆರಗಿನಲ್ಲಿ ಒಂದು ಎಳೆ ಹೇಂಟೆ ಸುತ್ತಿಕೊಂಡು ಹಿತ್ತಲಿಗೆ ಬಂದರು. ಪಾಲಿಗೆ ಸಾಕಲು ಕೊಡುತ್ತೇನೆ, ಮರಿ ಮಾಡಿದರೆ ಇಬ್ಬರೂ ಹಂಚಿಕೊಳ್ಳೋಣ ಎಂದರು.

"ಈಸ್ಕಳವ್ವ, ನಿನ್ ಕೈಗುಣ ಚೆಂದಾಗದೆ."

"ಬ್ಯಾಡ ಕಣತ್ತೆ. ನನ್ ತಲೆ ನೆಟ್ಟಗಿಲ್ಲ. ಕೋಳಿ ಮುಚ್ಚೋದ ಮರೆಯೋಳ ಕೈಗೆ ಜೀವ ಯಾಕ್ ಕೊಟ್ಟೀಯೆ?"

"ಅಂಗಾರೆ ನನ್ ತಲೆ ನೆಟ್ಟಗದಾ? ಬೆಳಗ್ಗೆ ಎಲೆ ಅಡ್ಕೆ ಬಾಯಲ್ಲಿಟ್ಕಂಡೇ ಮನೆಯೆಲ್ಲ ಉಡುಕ್ದೆ" ಎಂದು ಮುದುಕಿ ನಕ್ಕರು. ಅಕ್ಕ ನಗಲಿಲ್ಲ. ಆ ಹೇಂಟೆಯ ಬೆನ್ನು ಸವರಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ಎಳೆದುಕೊಂಡಳು.

ನಾನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ. ನಲ್ಲಿಗೆ ಸುತ್ತಿದ್ದ ತಂತಿ ಬಿಚ್ಚಿದೆ. ಪೈಪು ಕಳಚಿ ನೀರು ಮೈಮೇಲೆ ಎರಚಿತು. ಹಾಗೇ ಬಂದು ತಂತಿಯನ್ನು ಅಕ್ಕನ ಕೈಗಿಟ್ಟೆ.

"ಇದು ನನ್ ಜೇಬಲ್ಲಿತ್ತು ಕಣಕ್ಕ. ಆವತ್ತು ನೀನ್ ಬಿಚ್ಚೇ ಇಲ್ಲ. ನಾನು ಸುತ್ತೇ ಇರ್ನಿಲ್ಲ."

ಅಕ್ಕ ತುಕ್ಕು ಹಿಡಿದ ತಂತಿಯನ್ನು ತಿರುಗಿಸಿ ನೋಡಿದಳು.

"ಮುಚ್ಚಿದೀನಿ ಅಂದ್ಯಲ್ಲೋ."

"ಗೋಣಿ ಮುಚ್ಚಿದ್ದೆ. ಬಾಗ್ಲ ಬರೀ ತಳ್ಳಿದ್ದೆ. ನಿನ್ ತಲೆ ನೆಟ್ಟಗೇ ಅದೆ. ವರ್ಸವೆಲ್ಲ ನಿನ್ನ ಸುಮ್‌ಸುಮ್ನೆ ಬೇಯುಸ್ಬುಟ್ಟೆ. ತಪ್ಪಾಯ್ತು ಕಣಕ್ಕ, ನಂದೇ ತಪ್ಪು."